ಗ್ರೂಪ್‌ಗೆ ಸೇರಿಸಿದರೂ ಫೋಲ್ಡರ್ ತೆರೆಯುತ್ತಿಲ್ಲ: ಸದಸ್ಯತ್ವ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹಂತ ಹಂತವಾಗಿ ಹುಡುಕುವ ಬಗೆ

ಫೋಲ್ಡರ್ ತೆರೆಯಲು ಪರ್ಮಿಷನ್ ಇರುವ ಗ್ರೂಪ್‌ಗೆ ಬಳಕೆದಾರರನ್ನು ಸೇರಿಸಿ ಒಂದು ಗಂಟೆಯಾಗಿದೆ. ಅಡ್ಮಿನ್ ಪರದೆಯಲ್ಲಿ ಹೆಸರು ಕಾಣುತ್ತಿದೆ. ಆ ಕಡೆ ಫೋಲ್ಡರ್ ಮಾತ್ರ ‘ಆಕ್ಸೆಸ್ ಡಿನೈಡ್’ ಎನ್ನುತ್ತಲೇ ಇದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಮೂರರಲ್ಲಿ ಒಂದು: ಹೆಸರು ತೆಗೆದು ಮತ್ತೆ ಸೇರಿಸುವುದು, ಫೈಲ್ ಸರ್ವರನ್ನೇ ರೀಸ್ಟಾರ್ಟ್ ಮಾಡುವುದು, ಇಲ್ಲವೇ ರೋಸಿಹೋಗಿ ಆ ಬಳಕೆದಾರರಿಗೇ ನೇರವಾಗಿ ಫುಲ್ ಕಂಟ್ರೋಲ್ ಕೊಟ್ಟುಬಿಡುವುದು. ತೆಗೆದು ಸೇರಿಸಿದರೆ ಕಾಯುವ ಸಮಯ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ನೇರವಾಗಿ ಕೊಟ್ಟ ಪರ್ಮಿಷನ್ ಯಾರಿಗೂ ನೆನಪಿಲ್ಲದಂತೆ ಉಳಿದು, ಆ ವ್ಯಕ್ತಿ ಬೇರೆ ವಿಭಾಗಕ್ಕೆ ಹೋದ ಮೇಲೂ ಬಾಗಿಲು ತೆರೆದೇ ಇರುತ್ತದೆ.

ಸದಸ್ಯತ್ವ ಎನ್ನುವುದು ಒಂದೇ ಕಡೆ ಇರುವ ಸಂಗತಿಯಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ವಿಷಯ. ಮೊದಲು ಅದು ಒಂದು ಡೊಮೇನ್ ಕಂಟ್ರೋಲರ್‌ನಲ್ಲಿ (ಖಾತೆ, ಗ್ರೂಪ್‌ಗಳ ದಾಖಲೆ ಇಟ್ಟುಕೊಂಡು ಲಾಗಿನ್ ನೋಡಿಕೊಳ್ಳುವ ಸರ್ವರ್) ದಾಖಲಾಗುತ್ತದೆ. ಅಲ್ಲಿಂದ ಉಳಿದ ಕಂಟ್ರೋಲರ್‌ಗಳಿಗೆ ನಕಲಾಗುತ್ತದೆ. ಬಳಕೆದಾರರು ಲಾಗಿನ್ ಆದಾಗ ಕರ್ಬೆರೋಸ್ ಟಿಕೆಟ್‌ನೊಳಗೂ (ಬೇರೆ ಸರ್ವರ್‌ಗಳಿಗೆ ತೋರಿಸಲು ಕಂಟ್ರೋಲರ್ ಕೊಡುವ ಗುರುತಿನ ಚೀಟಿ) ಕಂಪ್ಯೂಟರಿನ ಆಕ್ಸೆಸ್ ಟೋಕನ್‌ನೊಳಗೂ (ಆ ಕಂಪ್ಯೂಟರ್ ತಾನೇ ಇಟ್ಟುಕೊಳ್ಳುವ ಗ್ರೂಪ್‌ಗಳ ಪಟ್ಟಿ) ಸೇರುತ್ತದೆ. ಫೈಲ್ ಸರ್ವರ್ ಜೊತೆ ಸಂಪರ್ಕವಾದಾಗ ಆ ಸೆಷನ್‌ನಲ್ಲಿ ಕೂರುತ್ತದೆ. ಲಿನಕ್ಸ್ ಸರ್ವರ್ ಇದ್ದರೆ ಅದರ ಕ್ಯಾಶ್‌ನಲ್ಲೂ (ಪದೇಪದೇ ಕೇಳದಿರಲು ಉಳಿಸಿಟ್ಟ ಪ್ರತಿ) ಉಳಿಯುತ್ತದೆ. ಇದರಲ್ಲಿ ಯಾವ ಜಾಗದಲ್ಲಿ ಹಳೆಯ ಪ್ರತಿ ಉಳಿದಿದೆ ಎಂದು ಗೊತ್ತಾಗುವವರೆಗೆ ಯಾವ ಮದ್ದೂ ಬೇಡ. ಒಂದು ಜಾಗದ ಮದ್ದು ಇನ್ನೊಂದು ಜಾಗಕ್ಕೆ ನಾಟುವುದಿಲ್ಲ.

ಮುಂದಿನ ವಿವರ ವಿಂಡೋಸ್ ಆಕ್ಟಿವ್ ಡೈರೆಕ್ಟರಿ ಡೊಮೇನ್ (ಖಾತೆ, ಗ್ರೂಪ್, ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ) ಮತ್ತು ಅದಕ್ಕೆ ಸೇರಿಸಿದ ಲಿನಕ್ಸ್ ಸರ್ವರ್‌ಗಳಿಗೆ ಸಂಬಂಧಿಸಿದ್ದು. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಓರೆಗೆರೆ, ಅಡ್ಡಗೆರೆಗಳನ್ನು ಇದ್ದಂತೆಯೇ ಹಾಕಿ.

ಶುರು ಮಾಡುವ ಮುನ್ನ ಬೇಕಾದದ್ದು

ನಿಮ್ಮ ಕಂಪ್ಯೂಟರಿನಲ್ಲಿ ರಿಮೋಟ್ ಸರ್ವರ್ ಅಡ್ಮಿನಿಸ್ಟ್ರೇಷನ್ ಟೂಲ್ಸ್ ಇರಬೇಕು. ಕಂಟ್ರೋಲರ್‌ಗಳ ನಡುವಿನ ನಕಲನ್ನು ನೋಡಿಕೊಳ್ಳುವ ರೆಪ್‌ಅಡ್ಮಿನ್ ಮತ್ತು ಪವರ್‌ಶೆಲ್‌ನ ಆಕ್ಟಿವ್ ಡೈರೆಕ್ಟರಿ ಮಾಡ್ಯೂಲ್ ಎರಡೂ ಅದರ ಜೊತೆಗೇ ಬರುತ್ತವೆ. ಹೂಆಮ್ಐ, ಕೆಲಿಸ್ಟ್, ನೆಟ್ ಯೂಸ್ ಈ ಮೂರು ವಿಂಡೋಸ್‌ನಲ್ಲೇ ಇರುತ್ತವೆ, ಪ್ರತ್ಯೇಕವಾಗಿ ಹಾಕಬೇಕಿಲ್ಲ.

ಬಳಕೆದಾರರ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯುವಾಗ ಸಾಮಾನ್ಯವಾಗಿಯೇ ತೆರೆಯಿರಿ. ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಒತ್ತಬೇಡಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಖಾತೆ ಅದೇ ಆಗಿದ್ದರೂ ಅಡ್ಮಿನ್ ಕಿಟಕಿಗೆ ಬೇರೆಯದೇ ಲಾಗಾನ್ ಸೆಷನ್ ಇರುತ್ತದೆ, ಅದರ ಟಿಕೆಟ್‌ಗಳೂ ಬೇರೆ. ಅಲ್ಲಿ ಟಿಕೆಟ್ ಅಳಿಸಿ, ಇಲ್ಲಿ ಎಕ್ಸ್‌ಪ್ಲೋರರ್‌ನಲ್ಲಿ ಫೋಲ್ಡರ್ ತೆರೆದು ನೋಡಿದರೆ ಏನೂ ಬದಲಾಗಿರುವುದಿಲ್ಲ.

ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಬಳಕೆದಾರರ ಲಾಗಿನ್ ಹೆಸರು, ಗ್ರೂಪ್‌ನ ಹೆಸರು, ಅವರು ತೆರೆಯುತ್ತಿರುವ ಪೂರ್ತಿ ದಾರಿ (ಡ್ರೈವ್ ಅಕ್ಷರ ಸಾಲದು, ಸರ್ವರ್ ಹೆಸರಿನ ಸಮೇತ), ಮತ್ತು ಸೇರಿಸಿದ ಸಮಯ. ಮುಗಿಯುವವರೆಗೆ ಗ್ರೂಪನ್ನು ಮತ್ತೆ ಮುಟ್ಟಬೇಡಿ.

ಹಂತ 1: ಇದು ನಿಜಕ್ಕೂ ವಿಳಂಬವೇ?

ಮೊದಲ ಪರೀಕ್ಷೆಗೆ ಒಂದು ನಿಮಿಷ ಸಾಕು. ಅದೇ ಗ್ರೂಪ್‌ನಲ್ಲಿ ಹಲವು ದಿನಗಳಿಂದ ಇರುವ ಇನ್ನೊಬ್ಬರಿಗೆ ಅದೇ ಫೋಲ್ಡರ್ ತೆರೆಯಲು ಹೇಳಿ. ಅವರಿಗೂ ತೆರೆಯದಿದ್ದರೆ ಇದು ವಿಳಂಬವಲ್ಲ, ಪರ್ಮಿಷನ್ ತಪ್ಪು. ಎಷ್ಟು ದಿನ ಕಾದರೂ ಸರಿಹೋಗದು. ಅಂಥ ತಪ್ಪುಗಳಲ್ಲಿ ಪದೇಪದೇ ಸಿಗುವವು ಇವು.

ಗ್ರೂಪ್ ‘ಸೆಕ್ಯೂರಿಟಿ’ ಬಗೆಯದಲ್ಲ, ‘ಡಿಸ್ಟ್ರಿಬ್ಯೂಷನ್’ ಬಗೆಯದು. ಇಮೇಲ್ ಪಟ್ಟಿಗೆಂದು ಮಾಡಿದ ಗ್ರೂಪ್ ಟೋಕನ್‌ಗೆ ಸೇರುವುದೇ ಇಲ್ಲ.

ಹಳೆಯ ಗ್ರೂಪ್ ಅಳಿಸಿ ಅದೇ ಹೆಸರಿನಲ್ಲಿ ಹೊಸದು ಮಾಡಿದ್ದಾರೆ. ಹೆಸರು ಒಂದೇ ಇದ್ದರೂ ಒಳಗಿನ ಭದ್ರತಾ ಗುರುತು ಬೇರೆ. ಫೋಲ್ಡರಿನ ಸೆಕ್ಯೂರಿಟಿ ಟ್ಯಾಬ್‌ನಲ್ಲಿ ಹೆಸರಿನ ಬದಲು ‘ಎಸ್-1-5-21’ ಎಂದು ಶುರುವಾಗುವ ಉದ್ದದ ಸಂಖ್ಯೆ ಕಂಡರೆ ಇದನ್ನೇ ಅನುಮಾನಿಸಿ.

ಎನ್‌ಟಿಎಫ್‌ಎಸ್ ಪರ್ಮಿಷನ್ (ಡಿಸ್ಕಿನಲ್ಲಿರುವ ಫೋಲ್ಡರಿನದು) ಕೊಟ್ಟು ಶೇರ್ ಪರ್ಮಿಷನ್ (ಅದನ್ನು ನೆಟ್‌ವರ್ಕಿನಲ್ಲಿ ಹಂಚಿದ್ದರದು) ಮರೆತಿದ್ದಾರೆ. ನೆಟ್‌ವರ್ಕ್ ಮೂಲಕ ಬರುವವರಿಗೆ ಎರಡೂ ಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ಜಾರಿಯಾಗುತ್ತದೆ. ಹಾಗೆಯೇ, ಬಳಕೆದಾರರು ಇರುವ ಇನ್ನಾವುದೋ ಗ್ರೂಪ್‌ಗೆ ಅದೇ ಫೋಲ್ಡರಿನಲ್ಲಿ ‘ಡಿನೈ’ ಹಾಕಿದ್ದರೆ ಹೊಸ ಸದಸ್ಯತ್ವ ಸಾಮಾನ್ಯವಾಗಿ ಕೆಲಸಕ್ಕೆ ಬಾರದು.

ಹಳೆಯ ಸದಸ್ಯರಿಗೆ ತೆರೆಯುತ್ತದೆ, ಹೊಸಬರಿಗೆ ಮಾತ್ರ ಇಲ್ಲ ಎಂದಾದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಬದಲಾವಣೆ ಸರಿಯಾದ ಡೊಮೇನ್ ಕಂಟ್ರೋಲರ್‌ಗೆ ತಲುಪಿದೆಯೇ?

ನೀವು ಬೆಂಗಳೂರಿನ ಕಂಟ್ರೋಲರ್‌ನಲ್ಲಿ ಸೇರಿಸಿದ್ದೀರಿ, ಬಳಕೆದಾರರು ಕಲಬುರಗಿ ಶಾಖೆಯ ಕಂಟ್ರೋಲರ್‌ನಿಂದ ಲಾಗಿನ್ ಆಗುತ್ತಾರೆ ಎಂದುಕೊಳ್ಳಿ. ನಿಮ್ಮ ಪರದೆಯಲ್ಲಿ ಹೆಸರು ಕಂಡಿತು ಎಂದಾಕ್ಷಣ ಅಲ್ಲಿಗೂ ತಲುಪಿದೆ ಎಂದರ್ಥವಲ್ಲ.

ಬಳಕೆದಾರರ ಕಂಪ್ಯೂಟರಿನಲ್ಲಿ ‘ಎಕೋ %ಲಾಗಾನ್‌ಸರ್ವರ್%’ ಕೊಡಿ. ಲಾಗಿನ್ ಆಗುವಾಗ ಉತ್ತರಿಸಿದ ಕಂಟ್ರೋಲರ್ ಹೆಸರು ಬರುತ್ತದೆ. ಈಗ ಯಾವುದರ ಜೊತೆ ಮಾತಾಡುತ್ತಿದೆ ಎಂದು ತಿಳಿಯಲು ‘ಎನ್‌ಎಲ್‌ಟೆಸ್ಟ್ /ಡಿಎಸ್‌ಗೆಟ್‌ಡಿಸಿ:’ ಬರೆದು ನಡುವೆ ಜಾಗ ಬಿಡದೆ ಡೊಮೇನ್ ಹೆಸರು ಸೇರಿಸಿ. ನಂತರ ನಿಮ್ಮ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ ‘ಗೆಟ್-ಎಡಿಗ್ರೂಪ್‌ಮೆಂಬರ್’ ಆಜ್ಞೆಗೆ ‘-ಸರ್ವರ್’ ಎಂದು ಆ ಕಂಟ್ರೋಲರಿನ ಹೆಸರನ್ನೇ ಕೊಟ್ಟು ನೋಡಿ. ‘-ಸರ್ವರ್’ ಬಿಟ್ಟರೆ ನಿಮಗೆ ಹತ್ತಿರದ ಕಂಟ್ರೋಲರ್ ಉತ್ತರಿಸುತ್ತದೆ, ಪರೀಕ್ಷೆ ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಎಷ್ಟು ಕಾಯುವುದು ಸಹಜ? ಒಂದೇ ಸೈಟ್‌ನೊಳಗೆ (ವೇಗದ ನೆಟ್‌ವರ್ಕಿನಿಂದ ಜೋಡಿಸಿದ ಒಂದು ಜಾಗ) ಬದಲಾವಣೆಯಾದ 15 ಸೆಕೆಂಡಿಗೆ ಮೊದಲ ಜೊತೆಗಾರ ಕಂಟ್ರೋಲರ್‌ಗೆ ಸುದ್ದಿ ಹೋಗುತ್ತದೆ, ಆಮೇಲೆ 3 ಸೆಕೆಂಡಿಗೊಂದರಂತೆ ಉಳಿದವಕ್ಕೆ. ಹಾಗಾಗಿ ಸೈಟ್‌ನೊಳಗೆ ಐದು ನಿಮಿಷವಾದರೂ ತಲುಪದಿದ್ದರೆ ಏನೋ ಕೆಟ್ಟಿದೆ. ಸೈಟ್‌ನಿಂದ ಸೈಟ್‌ಗೆ ಲೆಕ್ಕ ಬೇರೆ: ಸೈಟ್ ಲಿಂಕ್‌ನ ಮೂಲ ಅವಧಿ 180 ನಿಮಿಷ, ಅತಿ ಕಡಿಮೆ ಮಾಡಿದರೂ 15 ನಿಮಿಷ. ಮೂರು ಗಂಟೆ ಕಾದರೆ ತನ್ನಷ್ಟಕ್ಕೇ ಸರಿಹೋಗುತ್ತದೆ ಎಂಬ ದೂರುಗಳ ಹಿಂದೆ ಬಹಳ ಸಲ ಇರುವುದು ಯಾರೂ ಬದಲಿಸದೆ ಬಿಟ್ಟ ಈ 180. ಖಾತೆ ಲಾಕ್ ಆದಂಥ ಕೆಲವು ಬದಲಾವಣೆಗಳಿಗೆ ತುರ್ತು ನಕಲಿನ ವ್ಯವಸ್ಥೆ ಇದೆ. ಗ್ರೂಪ್ ಸದಸ್ಯತ್ವ ಅದರಲ್ಲಿ ಸೇರಿಲ್ಲ.

ಕಾಯಲು ಆಗದಿದ್ದರೆ ಇಡೀ ಡೊಮೇನ್ ನಕಲಿಸುವ ಮೊದಲು ಒಂದೇ ವಸ್ತುವನ್ನು ಕಳಿಸಿ. ಆಜ್ಞೆ ‘ರೆಪ್‌ಅಡ್ಮಿನ್ /ರೆಪ್ಲ್‌ಸಿಂಗಲ್‌ಆಬ್ಜ್’. ಅದರ ಮುಂದೆ ಮೊದಲು ಪಡೆಯಬೇಕಾದ ಕಂಟ್ರೋಲರ್, ನಂತರ ಕೊಡುವ ಕಂಟ್ರೋಲರ್, ಕೊನೆಗೆ ವಸ್ತುವಿನ ಪೂರ್ಣ ಡೈರೆಕ್ಟರಿ ಹೆಸರು. ಯಾವ ವಸ್ತು? ಗ್ರೂಪ್. ಬಳಕೆದಾರರ ಖಾತೆಯಲ್ಲ. ಸದಸ್ಯತ್ವ ಬರೆದಿರುವುದು ಗ್ರೂಪ್‌ನ ‘ಮೆಂಬರ್’ ಪಟ್ಟಿಯಲ್ಲಿ. ಖಾತೆಯಲ್ಲಿ ಕಾಣುವ ‘ಮೆಂಬರ್ ಆಫ್’ ಅದರ ಪ್ರತಿಬಿಂಬ ಅಷ್ಟೆ. ಖಾತೆಯನ್ನು ನಕಲಿಸಿ ‘ಆಜ್ಞೆ ಯಶಸ್ವಿಯಾಯಿತು, ಆದರೂ ಬಂದಿಲ್ಲ’ ಎಂದು ತಲೆಕೆಡಿಸಿಕೊಳ್ಳುವವರು ಕಡಿಮೆಯಿಲ್ಲ.

ಹಲವು ಬದಲಾವಣೆಗಳಿದ್ದರೆ, ಬದಲಾವಣೆ ಮಾಡಿದ ಕಂಟ್ರೋಲರ್‌ನಲ್ಲಿ ನಿಂತು ‘ರೆಪ್‌ಅಡ್ಮಿನ್ /ಸಿಂಕ್‌ಆಲ್ /ಎಡಿಇಪಿ’ ಕೊಡಿ. ಇದರಲ್ಲಿ ಮೊದಲ ಮತ್ತು ಕೊನೆಯ ಅಕ್ಷರ ದೊಡ್ಡಕ್ಷರವಾಗಿರಬೇಕು. ಕೊನೆಯದು ತಳ್ಳು ಎನ್ನುವ ಸೂಚನೆ. ಅದನ್ನು ಬಿಟ್ಟರೆ ಈ ಕಂಟ್ರೋಲರ್ ಬೇರೆಯವುಗಳಿಂದ ಎಳೆದುಕೊಳ್ಳುತ್ತದೆಯೇ ಹೊರತು ತನ್ನಲ್ಲಿರುವುದನ್ನು ಕಳಿಸುವುದಿಲ್ಲ.

ಎಚ್ಚರಿಕೆಯ ಸೂಚನೆಗಳು: ‘ರೆಪ್‌ಅಡ್ಮಿನ್ /ಶೋರೆಪ್ಲ್’ ಫಲಿತಾಂಶದಲ್ಲಿ 1722 ಕಂಡರೆ ನೆಟ್‌ವರ್ಕ್, ಫೈರ್‌ವಾಲ್ ಅಥವಾ ಹೆಸರು ಹುಡುಕುವ ಡಿಎನ್‌ಎಸ್ ಕಡೆ ನೋಡಿ. 8614 ಕಂಡರೆ ಅಲ್ಲೇ ನಿಲ್ಲಿ. ಆ ಕಂಟ್ರೋಲರ್ ಟೂಂಬ್‌ಸ್ಟೋನ್ ಅವಧಿಗಿಂತ (ಅಳಿಸಿದ ವಸ್ತುಗಳ ಗುರುತು ಉಳಿಸಿಡುವ ಕಾಲ; ಈಚಿನ ಡೊಮೇನ್‌ಗಳಲ್ಲಿ ಮೂಲತಃ 180 ದಿನ) ಹೆಚ್ಚು ಕಾಲ ನಕಲು ಪಡೆದಿಲ್ಲ ಎಂದರ್ಥ. ಬಲವಂತವಾಗಿ ನಕಲಿಸಿದರೆ ಎಂದೋ ಅಳಿಸಿದ ಖಾತೆಗಳು ಎದ್ದು ಕೂರಬಹುದು. ಒಬ್ಬರ ಫೋಲ್ಡರ್ ಸಮಸ್ಯೆಗಾಗಿ ಆ ಗಂಟು ಬಿಚ್ಚಲು ಹೋಗಬೇಡಿ; ಅದು ಬೇರೆಯದೇ ಕೆಲಸ. ಕಂಟ್ರೋಲರ್‌ಗಳ ಗಡಿಯಾರ ಒಂದಕ್ಕೊಂದು 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾಗಿದ್ದರೂ ಕರ್ಬೆರೋಸ್ ನಿರಾಕರಿಸುತ್ತದೆ, ನಕಲೂ ನಿಲ್ಲುತ್ತದೆ.

ಈ ಹಂತವನ್ನೇ ತಪ್ಪಿಸುವ ಸುಲಭ ದಾರಿಯೂ ಇದೆ. ‘ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಆ್ಯಂಡ್ ಕಂಪ್ಯೂಟರ್ಸ್’ನಲ್ಲಿ ಡೊಮೇನ್ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಚೇಂಜ್ ಡೊಮೇನ್ ಕಂಟ್ರೋಲರ್’ ಆರಿಸಿ, ಬಳಕೆದಾರರ ಶಾಖೆಯ ಕಂಟ್ರೋಲರ್‌ಗೆ ಸೇರಿಕೊಂಡು ಅಲ್ಲೇ ಬದಲಾವಣೆ ಮಾಡಿ.

ಹಂತ 3: ಬಳಕೆದಾರರ ಟೋಕನ್‌ನಲ್ಲಿ ಹೊಸ ಗ್ರೂಪ್ ಇದೆಯೇ?

ಬಳಕೆದಾರರ ಸಾಮಾನ್ಯ ಕಿಟಕಿಯಲ್ಲಿ ‘ಹೂಆಮ್ಐ /ಗ್ರೂಪ್ಸ್’ ಕೊಟ್ಟು ಪಟ್ಟಿ ಓದಿ. ಇದು ಡೈರೆಕ್ಟರಿಯನ್ನು ಕೇಳುವುದಿಲ್ಲ. ಲಾಗಿನ್ ಆದ ಕ್ಷಣದಲ್ಲಿ ತಯಾರಾದ ಟೋಕನ್‌ನಲ್ಲಿ ಏನಿತ್ತೋ ಅದನ್ನೇ ತೋರಿಸುತ್ತದೆ. ಬೆಳಿಗ್ಗೆ ಕೈಗೆ ಕೊಟ್ಟ ಬಸ್ ಪಾಸ್ ಇದ್ದಂತೆ. ಮಧ್ಯಾಹ್ನ ಡಿಪೋದಲ್ಲಿ ದಾಖಲೆ ತಿದ್ದಿದರೂ ಕೈಯಲ್ಲಿರುವ ಪಾಸ್ ತಾನಾಗಿ ಬದಲಾಗದು.

ಪಟ್ಟಿಯಲ್ಲಿ ಇಲ್ಲದಿದ್ದರೆ ಪೂರ್ತಿ ಸೈನ್ ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ‘ಮಾಡಿದೆ ಸರ್, ಆದರೂ ಬಂದಿಲ್ಲ’ ಎಂಬ ಉತ್ತರ ಬಂದರೆ ನಿಜವಾಗಿ ಮಾಡಿದ್ದೇನು ಎಂದು ಕೇಳಿ. ಪರದೆ ಲಾಕ್ ಮಾಡಿ ತೆರೆದರೆ ಟೋಕನ್ ಹೊಸದಾಗುವುದಿಲ್ಲ. ಲ್ಯಾಪ್‌ಟಾಪ್ ಮಡಚಿ ತೆರೆದರೂ ಇಲ್ಲ. ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯನ್ನು ಮೂಲೆಯ ಗುರುತು ಒತ್ತಿ ಮುಚ್ಚಿದರೆ ಆ ಸೆಷನ್ ಸರ್ವರ್‌ನಲ್ಲಿ ಜೀವಂತವಾಗಿಯೇ ಇರುತ್ತದೆ. ಮರುದಿನ ಬಂದರೂ ಅದೇ ಹಳೆಯ ಟೋಕನ್. ಟರ್ಮಿನಲ್ ಸರ್ವರ್‌ನಲ್ಲಿ ‘ಕ್ಯೂಯೂಸರ್’ ಕೊಟ್ಟು ‘ಡಿಸ್ಕ್’ ಸ್ಥಿತಿಯಲ್ಲಿರುವ ಅವರ ಸೆಷನ್ ಸಂಖ್ಯೆ ನೋಡಿ, ಅವರಿಗೆ ತಿಳಿಸಿ, ‘ಲಾಗಾಫ್’ ಮತ್ತು ಆ ಸಂಖ್ಯೆ ಕೊಟ್ಟು ಮುಗಿಸಿ. ಉಳಿಸದ ಕಡತ ತೆರೆದಿದ್ದರೆ ಹೋಗುತ್ತದೆ, ಅದಕ್ಕೇ ತಿಳಿಸಬೇಕೆಂದದ್ದು.

ನಿಜವಾಗಿಯೂ ಸೈನ್ ಔಟ್ ಆಗಿ ಬಂದರೂ ಗ್ರೂಪ್ ಕಾಣದಿದ್ದರೆ ಮೂರು ಸಾಧ್ಯತೆಗಳಿವೆ.

ಮೊದಲನೆಯದು ವಿಂಡೋಸ್‌ನ ಅವಸರ. ಬಳಕೆದಾರರನ್ನು ಕಾಯಿಸಬಾರದೆಂದು ಅದು ನೆಟ್‌ವರ್ಕ್ ಸಿದ್ಧವಾಗುವ ಮುನ್ನವೇ ಉಳಿಸಿಟ್ಟ ಹಳೆಯ ಮಾಹಿತಿಯಿಂದ ಲಾಗಿನ್ ಮಾಡಿಸುತ್ತದೆ, ಹೊಸದನ್ನು ಆಮೇಲೆ ಹಿನ್ನೆಲೆಯಲ್ಲಿ ತರುತ್ತದೆ. ಹೀಗಾಗಿ ಬದಲಾವಣೆ ಎರಡನೆಯ ಲಾಗಿನ್‌ಗೆ ಮಾತ್ರ ಕಾಣುತ್ತದೆ. ‘ಎರಡು ಸಲ ಲಾಗಿನ್ ಆದರೆ ಸರಿಹೋಗುತ್ತೆ’ ಎಂದು ಕಚೇರಿಗಳಲ್ಲಿ ಹೇಳುವ ಮಾತು ಮೂಢನಂಬಿಕೆಯಲ್ಲ, ಕಾರಣ ಇದೇ. ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಲಾಗಾನ್ ದಾರಿಯಲ್ಲಿ ‘ಆಲ್ವೇಸ್ ವೇಟ್ ಫಾರ್ ದ ನೆಟ್‌ವರ್ಕ್ ಅಟ್ ಕಂಪ್ಯೂಟರ್ ಸ್ಟಾರ್ಟಪ್ ಆ್ಯಂಡ್ ಲಾಗಾನ್’ ಎಂಬುದನ್ನು ಎನೇಬಲ್ ಮಾಡಿದರೆ ಒಂದೇ ಲಾಗಿನ್ ಸಾಕಾಗುತ್ತದೆ. ಲಾಗಿನ್ ಸ್ವಲ್ಪ ನಿಧಾನವಾಗುತ್ತದೆ. ಕಚೇರಿಯ ಡೆಸ್ಕ್‌ಟಾಪ್‌ಗಳಿಗೆ ಆ ಬೆಲೆ ತೆರಬಹುದು.

ಎರಡನೆಯದು ಮನೆಯಿಂದ ಕೆಲಸ. ಲ್ಯಾಪ್‌ಟಾಪ್ ತೆರೆದು ಲಾಗಿನ್ ಆದ ಮೇಲೆ ವಿಪಿಎನ್ ಹಾಕುವವರಿಗೆ ಲಾಗಿನ್ ಹೊತ್ತಿನಲ್ಲಿ ಯಾವ ಕಂಟ್ರೋಲರೂ ಸಿಗುವುದಿಲ್ಲ. ದಿನಕ್ಕೆ ಹತ್ತು ಸಲ ಸೈನ್ ಔಟ್ ಆದರೂ ಟೋಕನ್ ಹಳೆಯದೇ. ಇಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ: ವಿಪಿಎನ್ ಹಾಕಿದ ಮೇಲೆ ‘ರನ್‌ಆಸ್ /ಯೂಸರ್:’ ಎಂದು ಬರೆದು ನಡುವೆ ಜಾಗ ಬಿಡದೆ ಡೊಮೇನ್, ಹಿಂದೋರೆ ಗೆರೆ, ಹೆಸರು ಕೊಟ್ಟು, ಜಾಗ ಬಿಟ್ಟು ‘ಸಿಎಂಡಿ’ ಸೇರಿಸಿ. ಪಾಸ್‌ವರ್ಡ್ ಕೇಳಿ ಹೊಸ ಕಿಟಕಿ ತೆರೆಯುತ್ತದೆ. ಇದು ಹೊಸ ಲಾಗಾನ್. ಈ ಕಿಟಕಿಯಲ್ಲಿ ‘ಹೂಆಮ್ಐ /ಗ್ರೂಪ್ಸ್’ ಹೊಸ ಗ್ರೂಪ್ ತೋರಿಸಿದರೆ ಡೈರೆಕ್ಟರಿ ಕಡೆ ಎಲ್ಲ ಸರಿ, ಹಳೆಯದಾಗಿರುವುದು ಬಳಕೆದಾರರ ಸೆಷನ್ ಮಾತ್ರ. ಅವರಿಗೆ ಬೇಕಿರುವುದು ನೆಟ್‌ವರ್ಕ್ ಫೋಲ್ಡರ್ ಒಂದೇ ಆದರೆ ಹಂತ 4 ಸಾಕು. ಶಾಶ್ವತ ಪರಿಹಾರ ಬೇಕಾದರೆ ಲಾಗಿನ್ ಪರದೆಯಲ್ಲೇ ಸೇರಿಕೊಳ್ಳುವ ವಿಪಿಎನ್ ಹಾಕಿಕೊಡಿ.

ಮೂರನೆಯದು ಗ್ರೂಪ್‌ನ ವ್ಯಾಪ್ತಿ. ಡೊಮೇನ್ ಲೋಕಲ್ ಗ್ರೂಪ್ ತನ್ನ ಡೊಮೇನಿನ ಹೊರಗೆ ಕಾಣುವುದಿಲ್ಲ. ಬಳಕೆದಾರರ ಕಂಪ್ಯೂಟರ್ ಬೇರೆ ಡೊಮೇನಿನಲ್ಲಿದ್ದರೆ ಅಲ್ಲಿ ‘ಹೂಆಮ್ಐ’ ತೋರಿಸದಿರುವುದು ಸಹಜ, ಅದು ದೋಷವಲ್ಲ. ಎಲ್ಲ ಡೊಮೇನ್‌ಗಳಲ್ಲೂ ನಡೆಯುವ ಯೂನಿವರ್ಸಲ್ ಗ್ರೂಪ್ ಆಗಿದ್ದು, ಆ ಶಾಖೆಯಲ್ಲಿ ಗ್ಲೋಬಲ್ ಕ್ಯಾಟಲಾಗ್ (ಎಲ್ಲ ಡೊಮೇನ್‌ಗಳ ಸಾರಾಂಶ ಇಟ್ಟುಕೊಂಡ ಕಂಟ್ರೋಲರ್) ಇಲ್ಲದೆ ‘ಯೂನಿವರ್ಸಲ್ ಗ್ರೂಪ್ ಮೆಂಬರ್‌ಶಿಪ್ ಕ್ಯಾಶಿಂಗ್’ ಹಾಕಿದ್ದರೆ ಆ ಕ್ಯಾಶ್ ಹೊಸದಾಗುವುದು ಮೂಲತಃ 8 ಗಂಟೆಗೊಮ್ಮೆ. ಆ ಶಾಖೆಯ ಕಂಟ್ರೋಲರನ್ನು ಗ್ಲೋಬಲ್ ಕ್ಯಾಟಲಾಗ್ ಮಾಡಿಬಿಡುವುದೇ ಮೇಲು.

ಅಪರೂಪಕ್ಕೆ ಇನ್ನೊಂದು: ಗ್ರೂಪ್‌ನೊಳಗೆ ಗ್ರೂಪ್ ಸೇರಿಸುತ್ತಾ ಹೋಗಿ ಒಬ್ಬರ ಸದಸ್ಯತ್ವ ಸಾವಿರದ ಆಚೆ ಈಚೆ ತಲುಪಿದ್ದರೆ ವಿಂಡೋಸ್ ಲಾಗಿನ್ನೇ ನಿರಾಕರಿಸುತ್ತದೆ. ಮಿತಿ ಸುಮಾರು 1,015.

ಹಂತ 4: ಟಿಕೆಟ್ ಮತ್ತು ಸರ್ವರ್ ಸೆಷನ್

ಫೈಲ್ ಸರ್ವರ್ ಬಳಕೆದಾರರ ಕಂಪ್ಯೂಟರಿನ ಟೋಕನ್ ನೋಡುವುದಿಲ್ಲ. ಅದರ ಮುಂದೆ ಹಿಡಿದ ಕರ್ಬೆರೋಸ್ ಟಿಕೆಟ್‌ನಲ್ಲಿರುವ ಗ್ರೂಪ್ ಪಟ್ಟಿಯಿಂದ ತನ್ನದೇ ಟೋಕನ್ ಮಾಡಿಕೊಳ್ಳುತ್ತದೆ. ಟಿಕೆಟ್‌ನ ಮೂಲ ಆಯಸ್ಸು 10 ಗಂಟೆ. ಸೈನ್ ಔಟ್ ಆಗದೆಯೇ ನೆಟ್‌ವರ್ಕ್ ಫೋಲ್ಡರ್ ತೆರೆಸಲು ಸಾಧ್ಯವಾಗುವುದೂ ಇದರಿಂದಲೇ.

ಇದು ಟಿಕೆಟ್ ಸಮಸ್ಯೆಯೇ ಎಂದು ಖಚಿತಪಡಿಸಿಕೊಳ್ಳಲು ಫೋಲ್ಡರನ್ನು ಸರ್ವರ್ ಹೆಸರಿನ ಬದಲು ಐಪಿ ವಿಳಾಸ ಕೊಟ್ಟು ತೆರೆದು ನೋಡಿ. ಐಪಿ ಕೊಟ್ಟಾಗ ಸಾಮಾನ್ಯವಾಗಿ ಕರ್ಬೆರೋಸ್ ಬದಲು ಟಿಕೆಟ್ ಇಲ್ಲದ ಹಳೆಯ ವಿಧಾನವಾದ ಎನ್‌ಟಿಎಲ್‌ಎಂ ಬಳಕೆಯಾಗುತ್ತದೆ, ಗ್ರೂಪ್ ಪಟ್ಟಿ ಕಂಟ್ರೋಲರ್‌ನಿಂದ ಆಗಲೇ ಬರುತ್ತದೆ. ಐಪಿಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ಹಳೆಯ ಟಿಕೆಟ್ಟೇ ಅಪರಾಧಿ. ನಿಮ್ಮಲ್ಲಿ ಎನ್‌ಟಿಎಲ್‌ಎಂ ನಿಲ್ಲಿಸಿದ್ದರೆ ಈ ಪರೀಕ್ಷೆ ನಡೆಯದು. ಐಪಿ ದಾರಿಯನ್ನೇ ಖಾಯಂ ಪರಿಹಾರವಾಗಿ ಡ್ರೈವ್‌ಗೆ ಹಾಕಿಕೊಡಬೇಡಿ.

ಈಗ ಇದೇ ಅನುಕ್ರಮದಲ್ಲಿ ಮಾಡಿ:

1. ಆ ಸರ್ವರ್‌ನಿಂದ ತೆರೆದಿರುವ ಕಡತಗಳನ್ನೆಲ್ಲ ಉಳಿಸಿ ಮುಚ್ಚಿಸಿ, ಎಕ್ಸ್‌ಪ್ಲೋರರ್ ಕಿಟಕಿಗಳನ್ನೂ ಮುಚ್ಚಿಸಿ.

2. ‘ಕೆಲಿಸ್ಟ್ ಪರ್ಜ್’ ಕೊಡಿ. ಆ ಸೆಷನ್‌ನ ಟಿಕೆಟ್‌ಗಳೆಲ್ಲ ಅಳಿಯುತ್ತವೆ.

3. ‘ನೆಟ್ ಯೂಸ್’ ಕೊಟ್ಟು ಆ ಸರ್ವರ್‌ಗೆ ಇರುವ ಸಂಪರ್ಕಗಳನ್ನು ನೋಡಿ, ಒಂದೊಂದನ್ನೂ ‘/ಡಿಲೀಟ್’ ಸೇರಿಸಿ ತೆಗೆಯಿರಿ.

4. ಅಷ್ಟಾದರೂ ಸೆಷನ್ ಉಳಿದಿದ್ದರೆ ಫೈಲ್ ಸರ್ವರ್‌ನಲ್ಲಿ ‘ಗೆಟ್-ಎಸ್‌ಎಂಬಿಸೆಷನ್’ನಿಂದ ಅವರ ಸೆಷನ್ ಗುರುತಿಸಿ ‘ಕ್ಲೋಸ್-ಎಸ್‌ಎಂಬಿಸೆಷನ್’ನಿಂದ ಮುಚ್ಚಿ.

5. ಫೋಲ್ಡರ್ ಮತ್ತೆ ತೆರೆಯಿರಿ. ‘ಕೆಲಿಸ್ಟ್’ ಕೊಟ್ಟು ‘ಸಿಐಎಫ್‌ಎಸ್/’ ಎಂದು ಶುರುವಾಗಿ ಸರ್ವರ್ ಹೆಸರಿರುವ ಟಿಕೆಟ್‌ನ ಆರಂಭದ ಸಮಯ ಈಗಿನದೇ ಎಂದು ನೋಡಿ.

ಎರಡು ಮತ್ತು ಮೂರನ್ನು ಅದಲುಬದಲು ಮಾಡಬೇಡಿ. ಸಂಪರ್ಕ ಮೊದಲು ಕಡಿದರೆ ಎಕ್ಸ್‌ಪ್ಲೋರರ್ ನಿಮ್ಮನ್ನು ಕೇಳದೆಯೇ ಹಳೆಯ ಟಿಕೆಟ್ ಹಿಡಿದು ಮತ್ತೆ ಸೇರಿಕೊಳ್ಳುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೂ ಉಪಯೋಗವಾಗದಿರುವುದಕ್ಕೆ ಇದೇ ಕಾರಣ: ಸೆಷನ್ ಹೋಗುತ್ತದೆ, ಟಿಕೆಟ್ ಬಳಕೆದಾರರ ಕಂಪ್ಯೂಟರಿನಲ್ಲಿ ಹಾಗೇ ಇರುತ್ತದೆ.

ಟಿಕೆಟ್ ಅಳಿಸಿದ ಮಾತ್ರಕ್ಕೆ ‘ಹೂಆಮ್ಐ /ಗ್ರೂಪ್ಸ್’ ಪಟ್ಟಿ ಬದಲಾಗುವುದಿಲ್ಲ. ಅದನ್ನು ನೋಡಿ ಕೆಲಸ ಆಗಿಲ್ಲ ಎಂದುಕೊಳ್ಳಬೇಡಿ. ಅದೇ ಕಂಪ್ಯೂಟರಿನ ಒಳಗಿನ ಫೋಲ್ಡರ್ ಅಥವಾ ಪ್ರೋಗ್ರಾಂಗೆ ಹೊಸ ಗ್ರೂಪ್ ಬೇಕಿದ್ದರೆ ಸೈನ್ ಔಟ್ ಒಂದೇ ದಾರಿ.

ಕಂಪ್ಯೂಟರ್ ಖಾತೆ ಮತ್ತು ಸರ್ವಿಸ್ ಖಾತೆ

ಗ್ರೂಪ್‌ಗೆ ಸೇರಿಸಿದ್ದು ವ್ಯಕ್ತಿಯನ್ನಲ್ಲ, ಕಂಪ್ಯೂಟರನ್ನು ಎಂದಾದರೆ ಅಡ್ಮಿನ್ ಕಿಟಕಿಯಲ್ಲಿ ‘ಕೆಲಿಸ್ಟ್ -ಎಲ್‌ಐ 0ಎಕ್ಸ್3ಇ7 ಪರ್ಜ್’ ಕೊಟ್ಟು, ನಂತರ ‘ಜಿಪಿಅಪ್‌ಡೇಟ್ /ಫೋರ್ಸ್’ ಕೊಡಿ. ಬಳಕೆದಾರರ ಕಂಪ್ಯೂಟರಿನಲ್ಲಿ ಅಡ್ಮಿನ್ ಕಿಟಕಿ ಬೇಕಾಗುವ ಕಡೆ ಇದೊಂದೇ. ರೀಸ್ಟಾರ್ಟ್ ಮಾಡುವುದಾದರೆ ‘ರೀಸ್ಟಾರ್ಟ್’ ಎಂದೇ ಒತ್ತಿ. ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರಗಳಲ್ಲಿ ‘ಶಟ್‌ಡೌನ್’ ಪೂರ್ತಿ ಮುಚ್ಚುವುದಿಲ್ಲ, ಸಿಸ್ಟಮ್ ಭಾಗವನ್ನು ಮಲಗಿಸಿ ಎಬ್ಬಿಸುತ್ತದೆ.

ಬೇರೆ ಖಾತೆಯಲ್ಲಿ ಓಡುವ ವಿಂಡೋಸ್ ಸರ್ವಿಸ್‌ಗೆ ಆ ಸರ್ವಿಸನ್ನು ಮಾತ್ರ ನಿಲ್ಲಿಸಿ ಶುರುಮಾಡಿದರೆ ಸಾಕು. ವಿಂಡೋಸ್‌ನ ವೆಬ್ ಸರ್ವರ್ ಐಐಎಸ್ ಆದರೆ ಅಪ್ಲಿಕೇಷನ್ ಪೂಲ್ ರೀಸೈಕಲ್. ಶೆಡ್ಯೂಲ್ಡ್ ಟಾಸ್ಕ್ ಪ್ರತಿ ಸಲ ಹೊಸದಾಗಿ ಲಾಗಿನ್ ಆಗುವುದರಿಂದ ಮುಂದಿನ ಸರದಿಗೆ ತಾನೇ ಸರಿಹೋಗುತ್ತದೆ.

ಹಂತ 5: ಲಿನಕ್ಸ್ ಸರ್ವರ್ ಆಗಿದ್ದರೆ

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಬಳಕೆದಾರರ ಶೆಲ್‌ನಲ್ಲಿ ‘ಐಡಿ’ ಎಂದಷ್ಟೇ ಕೊಟ್ಟರೆ ಈ ಪ್ರೊಸೆಸ್ ಹೊತ್ತಿರುವ ಗ್ರೂಪ್‌ಗಳು ಬರುತ್ತವೆ. ‘ಐಡಿ’ ಮುಂದೆ ಅವರ ಹೆಸರನ್ನೂ ಕೊಟ್ಟರೆ ಈಗ ಸರ್ವರ್‌ಗೆ ತಿಳಿದಿರುವ ಪಟ್ಟಿ ಬರುತ್ತದೆ. ಎರಡನೆಯದರಲ್ಲಿ ಇದ್ದು ಮೊದಲನೆಯದರಲ್ಲಿ ಇಲ್ಲದಿದ್ದರೆ ಸೆಷನ್ ಹಳೆಯದು. ಎರಡರಲ್ಲೂ ಇಲ್ಲದಿದ್ದರೆ ಕ್ಯಾಶ್ ಹಳೆಯದು.

ಕ್ಯಾಶ್ ಹಳೆಯದಾಗಿದ್ದರೆ: ಡೊಮೇನ್ ಖಾತೆಗಳನ್ನು ಲಿನಕ್ಸ್‌ಗೆ ಒದಗಿಸುವ ಎಸ್‌ಎಸ್‌ಎಸ್‌ಡಿ ಸೇವೆ ಗ್ರೂಪ್ ಮಾಹಿತಿಯನ್ನು ಮೂಲತಃ 5,400 ಸೆಕೆಂಡು, ಅಂದರೆ ಒಂದೂವರೆ ಗಂಟೆ ನಂಬುತ್ತದೆ. ‘ಎಸ್‌ಎಸ್‌ಎಸ್_ಕ್ಯಾಶ್ -ಯು’ ಮುಂದೆ ಬಳಕೆದಾರರ ಹೆಸರು, ಹಾಗೆಯೇ ‘-ಜಿ’ ಮುಂದೆ ಗ್ರೂಪ್ ಹೆಸರು ಕೊಟ್ಟರೆ ಅಷ್ಟು ಮಾತ್ರ ಹಳಸಿತೆಂದು ಗುರುತಾಗುತ್ತದೆ. ಎಸ್‌ಎಸ್‌ಎಸ್‌ಡಿಯ ಡೇಟಾಬೇಸ್ ಕಡತಗಳನ್ನೇ ಅಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಮೊದಲ ಮದ್ದಾಗಿ ಅದು ಬೇಡ. ಉಳಿಸಿಟ್ಟ ಲಾಗಿನ್ ಮಾಹಿತಿಯೂ ಅದರಲ್ಲೇ ಇರುವುದರಿಂದ, ಅದೇ ಹೊತ್ತಿಗೆ ಕಂಟ್ರೋಲರ್ ಸಿಗದಿದ್ದರೆ ಡೊಮೇನ್ ಖಾತೆಯ ಯಾರಿಗೂ ಒಳಗೆ ಬರಲಾಗದು. ಜೊತೆಗೆ ಎನ್‌ಎಸ್‌ಸಿಡಿ ಎಂಬ ಇನ್ನೊಂದು ಕ್ಯಾಶ್ ಸೇವೆ ಕೂಡ ಓಡುತ್ತಿದೆಯೇ ನೋಡಿ. ಒಂದರ ಮೇಲೊಂದು ಎರಡು ಕ್ಯಾಶ್ ಇದ್ದರೆ ಒಂದನ್ನು ತೊಳೆದರೂ ಇನ್ನೊಂದು ಹಳೆಯ ಉತ್ತರವನ್ನೇ ಕೊಡುತ್ತದೆ. ಗ್ರೂಪ್ ಮಾಹಿತಿಗೆ ಎಸ್‌ಎಸ್‌ಎಸ್‌ಡಿ ಇಟ್ಟುಕೊಂಡು ಎನ್‌ಎಸ್‌ಸಿಡಿಯಲ್ಲಿ ಅದನ್ನು ನಿಲ್ಲಿಸಿ.

ಸೆಷನ್ ಹಳೆಯದಾಗಿದ್ದರೆ: ಹೊರಹೋಗಿ ಮತ್ತೆ ಬರಬೇಕು. ಆದರೆ ಲಿನಕ್ಸ್‌ನಲ್ಲಿ ‘ಹೊರಹೋದೆ’ ಎನ್ನುವುದು ಅಷ್ಟು ಸರಳವಲ್ಲ. ಹೊರಹೋದರೂ ಶೆಲ್ ಉಳಿಸಿಡುವ ಟಿಮಕ್ಸ್ ಅಥವಾ ಸ್ಕ್ರೀನ್‌ನಲ್ಲಿದ್ದರೆ ಮತ್ತೆ ಸೇರಿಕೊಂಡಾಗ ಸಿಗುವುದು ಹಳೆಯ ಶೆಲ್. ಎಸ್‌ಎಸ್‌ಎಚ್‌ನಲ್ಲಿ ಕಂಟ್ರೋಲ್‌ಮಾಸ್ಟರ್ ಹಾಕಿಕೊಂಡವರು ಹೊಸ ಕಿಟಕಿ ತೆರೆದರೂ ಹಳೆಯ ಸಂಪರ್ಕದ ಮೇಲೆಯೇ ಸವಾರಿ ಮಾಡುತ್ತಿರುತ್ತಾರೆ. ‘ಎಸ್‌ಎಸ್‌ಎಚ್ -ಒ ಎಕ್ಸಿಟ್’ ಮುಂದೆ ಸರ್ವರ್ ಹೆಸರು ಕೊಟ್ಟು ಆ ಸಂಪರ್ಕ ಮುಗಿಸಬೇಕು (ಇಲ್ಲಿ ‘ಒ’ ದೊಡ್ಡಕ್ಷರ). ವಿಎಸ್ ಕೋಡ್‌ನ ರಿಮೋಟ್ ಸರ್ವರ್ ಪ್ರೊಸೆಸ್ ಕಿಟಕಿ ಮುಚ್ಚಿದ ಮೇಲೂ ಕೆಲಕಾಲ ಉಳಿದಿರುತ್ತದೆ. ಡೆಸ್ಕ್‌ಟಾಪ್ ಬಳಸುವವರಿಗೆ ಸಿಸ್ಟಮ್‌ಡಿಯ ಯೂಸರ್ ಮ್ಯಾನೇಜರ್ ಹಿಂದೆ ಉಳಿದು ಹಳೆಯ ಗ್ರೂಪ್‌ಗಳನ್ನೇ ಹಂಚುವುದುಂಟು. ಎಲ್ಲಕ್ಕೂ ಸೇರಿ ‘ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್’ ಮುಂದೆ ಹೆಸರು ಕೊಟ್ಟರೆ ಗುಡಿಸಿ ಹಾಕುತ್ತದೆ. ಓಡುತ್ತಿರುವ ಕೆಲಸಗಳೂ ಹೋಗುತ್ತವೆ, ಕೇಳಿಯೇ ಮಾಡಿ.

ಡೊಮೇನ್‌ಗೆ ಸೇರಿಸಿದ ಸಾಂಬಾ (ವಿಂಡೋಸ್ ಬಗೆಯಲ್ಲಿ ಫೋಲ್ಡರ್ ಹಂಚುವ ತಂತ್ರಾಂಶ) ಸರ್ವರ್‌ನಲ್ಲಿ ಕ್ಯಾಶ್ ತೊಳೆಯುತ್ತ ಕೂರುವುದು ವ್ಯರ್ಥ. ವಿಂಡೋಸ್ ಬಳಕೆದಾರರು ಅಲ್ಲಿಗೂ ಕರ್ಬೆರೋಸ್ ಟಿಕೆಟ್ ಹಿಡಿದೇ ಬರುವುದರಿಂದ ಹಂತ 4 ಅನ್ನೇ ಅನುಸರಿಸಿ. ಸರ್ವರ್ ಕಡೆ ‘ಎಸ್‌ಎಂಬಿಸ್ಟೇಟಸ್’ ಅವರ ಸಂಪರ್ಕದ ಪ್ರೊಸೆಸ್ ಸಂಖ್ಯೆ ತೋರಿಸುತ್ತದೆ, ಅದೊಂದನ್ನೇ ನಿಲ್ಲಿಸಬಹುದು.

ಲಿನಕ್ಸ್ ಯಂತ್ರಗಳ ನಡುವೆ ಫೋಲ್ಡರ್ ಹಂಚುವ ಎನ್‌ಎಫ್‌ಎಸ್‌ನಲ್ಲಿ ತೊಂದರೆ ಬೇರೆಯೇ ಬಗೆಯದು. ಬಳಕೆದಾರರ ಗುರುತು ಕಳಿಸುವ ಅದರ ಸಾಮಾನ್ಯ ಎಯುಟಿಎಚ್_ಸಿಸ್ ವಿಧಾನ ಒಂದು ಕೋರಿಕೆಯಲ್ಲಿ 16 ಹೆಚ್ಚುವರಿ ಗ್ರೂಪ್‌ಗಳನ್ನು ಮಾತ್ರ ಹೊರಬಲ್ಲದು. ಹದಿನೇಳನೆಯ ಗ್ರೂಪ್‌ಗೆ ಸೇರಿಸಿದವರಿಗೆ ಅದು ಎಂದೆಂದಿಗೂ ತಲುಪದಿರಬಹುದು, ನೋಡುವವರಿಗೆ ವಿಳಂಬದಂತೆ ಕಾಣುತ್ತದೆ. ಸರ್ವರ್‌ನ ಎನ್‌ಎಫ್‌ಎಸ್ ಸೇವೆಯಾದ ಮೌಂಟ್‌ಡಿಗೆ ‘ಮ್ಯಾನೇಜ್-ಜಿಐಡಿಎಸ್’ ಆಯ್ಕೆ ಹಾಕಿದರೆ ಸರ್ವರ್ ತಾನೇ ಪಟ್ಟಿ ಹುಡುಕುತ್ತದೆ, ಆದರೆ ಆ ಉತ್ತರವನ್ನು ಮೂಲತಃ 30 ನಿಮಿಷ ಇಟ್ಟುಕೊಳ್ಳುತ್ತದೆ.

ಲಿನಕ್ಸ್‌ನ ಸ್ಥಳೀಯ ಗ್ರೂಪ್‌ಗೆ ಸೇರಿಸುವಾಗ ‘ಯೂಸರ್‌ಮಾಡ್ -ಜಿ’ (ದೊಡ್ಡಕ್ಷರದ ಜಿ) ಜೊತೆಗೆ ‘-ಎ’ ಮರೆಯಬೇಡಿ. ಮರೆತರೆ ಹೊಸ ಗ್ರೂಪ್ ಸೇರುವ ಜೊತೆಗೆ ಉಳಿದ ಹೆಚ್ಚುವರಿ ಗ್ರೂಪ್‌ಗಳೆಲ್ಲ ಹೋಗುತ್ತವೆ. ಹೋದದ್ದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ಲಾಗಿನ್‌ವರೆಗೆ.

ಹಂತ 6: ತೆಗೆದುಹಾಕಿದರೂ ಇನ್ನೂ ತೆರೆಯುತ್ತಿದ್ದರೆ

ಸೇರಿಸಿದ್ದು ತಡವಾದರೆ ಫೋನ್ ಬರುತ್ತದೆ. ತೆಗೆದದ್ದು ತಡವಾದರೆ ಯಾರೂ ದೂರುವುದಿಲ್ಲ. ಆದ್ದರಿಂದ ಇದಕ್ಕೆ ಹೆಚ್ಚು ಗಮನ ಬೇಕು. ಗ್ರೂಪ್‌ನಿಂದ ಹೆಸರು ತೆಗೆದ ಮೇಲೂ ಕೈಯಲ್ಲಿರುವ ಟಿಕೆಟ್ 10 ಗಂಟೆಯವರೆಗೆ ನಡೆಯಬಹುದು. ಸೆಷನ್ ಮುಚ್ಚಿದರೆ ಅದೇ ಟಿಕೆಟ್ ಹಿಡಿದು ಮರುಕ್ಷಣ ಮತ್ತೆ ಬರುತ್ತಾರೆ. ಖಾತೆಯನ್ನು ಡಿಸೇಬಲ್ ಮಾಡಿದರೂ ಆಗಲೇ ಕೊಟ್ಟ ಸರ್ವಿಸ್ ಟಿಕೆಟ್ ತನ್ನಷ್ಟಕ್ಕೆ ರದ್ದಾಗುವುದಿಲ್ಲ.

ತಕ್ಷಣ ತಡೆಯಬೇಕಾದರೆ ಅನುಕ್ರಮ ಹೀಗಿರಲಿ. ಗ್ರೂಪ್‌ನಿಂದ ತೆಗೆಯಿರಿ, ಹಂತ 2ರಂತೆ ನಕಲಿಸಿ. ಫೋಲ್ಡರಿನ ಮೇಲೆ ಆ ವ್ಯಕ್ತಿಯ ಖಾತೆಗೇ ತಾತ್ಕಾಲಿಕವಾಗಿ ‘ಡಿನೈ’ ಹಾಕಿ. ವೈಯಕ್ತಿಕ ಗುರುತು ಹಳೆಯ ಟಿಕೆಟ್‌ನಲ್ಲೂ ಇರುವುದರಿಂದ ಇದು ಕೂಡಲೇ ಹಿಡಿಯುತ್ತದೆ. ಒಳಗಿನ ಫೋಲ್ಡರ್‌ಗಳಲ್ಲಿ ಪರ್ಮಿಷನ್ ಆನುವಂಶಿಕತೆ ಕಡಿದಿದ್ದರೆ ಅಲ್ಲಿಗೂ ಬೇರೆಯಾಗಿ ಹಾಕಬೇಕು. ಆಮೇಲೆ ‘ಕ್ಲೋಸ್-ಎಸ್‌ಎಂಬಿಓಪನ್‌ಫೈಲ್’ನಿಂದ ಅವರು ತೆರೆದಿಟ್ಟ ಕಡತಗಳನ್ನು ಮುಚ್ಚಿ, ಏಕೆಂದರೆ ಒಮ್ಮೆ ತೆರೆದ ಕಡತಕ್ಕೆ ಪರ್ಮಿಷನ್ ಮತ್ತೆ ಪರೀಕ್ಷೆಯಾಗುವುದಿಲ್ಲ. ಮರುದಿನ ‘ಡಿನೈ’ ತೆಗೆಯಲು ಕ್ಯಾಲೆಂಡರಿನಲ್ಲಿ ಬರೆದಿಡಿ. ನೇರ ಪರ್ಮಿಷನ್ ಬೇಡ ಎಂದು ಮೇಲೆ ಹೇಳಿದ ಮಾತಿಗೆ ಇದೊಂದೇ ವಿನಾಯಿತಿ.

ಹೆಚ್ಚಿನ ಅಧಿಕಾರದ ಖಾತೆಗಳನ್ನು ‘ಪ್ರೊಟೆಕ್ಟೆಡ್ ಯೂಸರ್ಸ್’ ಗ್ರೂಪ್‌ನಲ್ಲಿಟ್ಟರೆ ಅವರಿಗೆ ಲಾಗಿನ್ ಆದಾಗ ಸಿಗುವ ಮೊದಲ ಟಿಕೆಟ್ 4 ಗಂಟೆಗೆ ಮುಗಿಯುತ್ತದೆ, ನವೀಕರಣವೂ ಇಲ್ಲ. ಇಂಥ ದಿನದವರೆಗೆ ಮಾತ್ರ ಎಂಬ ತಾತ್ಕಾಲಿಕ ಸದಸ್ಯತ್ವಕ್ಕೆ ವಿಂಡೋಸ್ ಸರ್ವರ್ 2016ರ ಮಟ್ಟದ ಫಾರೆಸ್ಟ್‌ನಲ್ಲಿ ‘ಆ್ಯಡ್-ಎಡಿಗ್ರೂಪ್‌ಮೆಂಬರ್’ ಆಜ್ಞೆಯ ‘-ಮೆಂಬರ್‌ಟೈಮ್‌ಟುಲೈವ್’ ಬಳಸಬಹುದು. ಟಿಕೆಟ್‌ನ ಆಯಸ್ಸೂ ಆ ಅವಧಿಗೆ ತಕ್ಕಂತೆ ಮೊಟಕಾಗುತ್ತದೆ. ಇದಕ್ಕೆ ‘ಪ್ರಿವಿಲೆಜ್ಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್’ ಎಂಬ ಸೌಲಭ್ಯವನ್ನು ಮೊದಲು ಚಾಲೂ ಮಾಡಬೇಕು, ಚಾಲೂ ಮಾಡಿದ ಮೇಲೆ ಹಿಂದೆ ಸರಿಯಲಾಗದು.

ಸೇರಿಸಿದ ದಿನವೇ ಕಳಿಸಬೇಕಾದ ಸೂಚನೆ

ಹೆಲ್ಪ್‌ಡೆಸ್ಕ್‌ಗೆ ಬರುವ ಇಂಥ ಕರೆಗಳಲ್ಲಿ ಬಹುಪಾಲು ಹಂತ 3ರಲ್ಲೇ ಮುಗಿಯುವಂಥವು. ಹಾಗಾಗಿ ‘ಸೇರಿಸಲಾಗಿದೆ’ ಎಂದಷ್ಟೇ ಉತ್ತರಿಸಿ ದೂರನ್ನು ಮುಚ್ಚುವ ಬದಲು ಹೀಗೆ ಬರೆಯಿರಿ: “ನಿಮ್ಮನ್ನು ಗ್ರೂಪ್‌ಗೆ ಸೇರಿಸಿದ್ದೇವೆ. ತೆರೆದಿರುವ ಕಡತಗಳನ್ನು ಉಳಿಸಿ, ಸ್ಟಾರ್ಟ್ ಮೆನುವಿನಿಂದ ಸೈನ್ ಔಟ್ ಆಗಿ, ಮತ್ತೆ ಲಾಗಿನ್ ಆಗಿ. ಪರದೆ ಲಾಕ್ ಮಾಡಿ ತೆರೆದರೆ ಸಾಲದು. ಮನೆಯಿಂದ ಕೆಲಸ ಮಾಡುತ್ತಿದ್ದರೆ ಸೈನ್ ಔಟ್ ಆಗುವ ಮೊದಲು ನಮಗೆ ಕರೆ ಮಾಡಿ.” ಶಾಖೆಯವರಿಗೆ ಕಳಿಸುವಾಗ ಸೈಟ್ ಲಿಂಕ್‌ನಲ್ಲಿರುವ ನಿಮಿಷಗಳನ್ನು ಲೆಕ್ಕ ಹಾಕಿ, ಎಷ್ಟು ಗಂಟೆಯ ನಂತರ ಲಾಗಿನ್ ಆಗಬೇಕು ಎಂದೂ ಸೇರಿಸಿ.